ತಂಬಿಗೆ ಮೇಲಿನ ಅಕ್ಷರ: ಗುಜರಿ ಅಂಗಡಿಯಲ್ಲಿ ಸಿಕ್ಕ ನಮ್ಮೂರ ಚರಿತ್ರೆ

ಭಾಗ 1

ಮೊದಲನೇ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ತಕ್ಕಡಿ ಮೇಲೆ ಕೂತಿರೋದು ಒಂದು ಹಿತ್ತಾಳೆ ತಂಬಿಗೆ. ಎಡಕ್ಕೆ ತುಕ್ಕು ಹಿಡಿದ ಸೈಕಲ್ ಚೈನು, ಬಲಕ್ಕೆ ಒಡೆದ ಮಿಕ್ಸಿ ಜಾರು. ಜಾಗ ಹೊನ್ನಾಳಿಯ ಒಂದು ಗುಜರಿ ಅಂಗಡಿ. ತೂಕ 640 ಗ್ರಾಂ. "ಮುನ್ನೂರು ಕೊಡವ್ವ, ತಗೊಂಡು ಹೋಗು. ಇಲ್ಲಾಂದ್ರೆ ನಾಳೆ ಲೋಡ್ ಹೋಗ್ತದೆ, ಕರಗಿಸ್ತಾರೆ" ಅಂದ್ರು ಅಂಗಡಿ ಅಣ್ಣ. ನನ್ನ ಹತ್ರ ಇದ್ದದ್ದು ಬಸ್ ಚಾರ್ಜು ಸೇರಿ 340. ಕೊಟ್ಟುಬಿಟ್ಟೆ.

ನಮ್ಮ ಕ್ಲಾಸಿನವರು ಕೇಳ್ತಾನೇ ಇರ್ತೀರಿ, "ಬೆಂಗಳೂರಲ್ಲಿ ಥ್ರಿಫ್ಟ್ ಸ್ಟೋರ್ ಇದಾವೆ, ಇನ್‌ಸ್ಟಾದಲ್ಲಿ ಥ್ರಿಫ್ಟ್ ಪೇಜ್ ಇದಾವೆ, ನಮ್ಮ ಚನ್ನಗಿರಿ, ಜಗಳೂರಲ್ಲಿ ಏನೈತೆ?" ಅಂತ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಇತಿಹಾಸ ಇದೆ, ನಿಜ. 1902ರಲ್ಲಿ ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನೋ ಪಾದ್ರಿ ಉಳ್ಳವರ ಮನೆಯಿಂದ ಹಳೇ ಬಟ್ಟೆ ಕೂಡಿಸಿ, ಬಡವರ ಕೈಲೇ ರಿಪೇರಿ ಮಾಡಿಸಿ ಮಾರೋಕೆ ಶುರು ಮಾಡಿದ. ಅದೇ ಮುಂದೆ ಗುಡ್‌ವಿಲ್ ಆಯ್ತು. ಆದ್ರೆ ನಮ್ಮಲ್ಲೂ ಒಂದು ಹಳೇ ಪದ ಇದೆಯಲ್ಲ, ಗುಜರಿ! ಪರ್ಷಿಯನ್ನಿನ 'ಗುಜರ್' ಅಂದ್ರೆ ಹಾದುಹೋಗೋದು. ಅದರಿಂದ ಬಂದ ಉರ್ದುವಿನ 'ಗುಜ್ರಿ' ಅಂದ್ರೆ ದಾರಿ ಬದಿಯಲ್ಲಿ ಇಳಿಹೊತ್ತಿಗೆ ಸೇರೋ ಬಜಾರು. ಹಾದುಹೋಗೋರು ನಿಂತು ಕೊಳ್ಳೋ ಜಾಗ ಅಂತ. ನಾವು ಅದನ್ನ ಕಸದ ಹೆಸರು ಮಾಡಿಬಿಟ್ವಿ. ನನಗಂತೂ 'ಥ್ರಿಫ್ಟ್'ಗಿಂತ ಈ ಪದಾನೇ ಇಷ್ಟ.

ಈಗ ಎರಡನೇ ಫೋಟೋ. ತಂಬಿಗೆಯ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಾಣ್ತಾ? ಈ ಸರಣಿ ಪೂರ್ತಿ ಅದರ ಬಗ್ಗೆ.

ಭಾಗ 2

ಅಲ್ಲಿರೋದು ಇಷ್ಟು: ಒಬ್ಬ ಹೆಣ್ಣುಮಗಳ ಹೆಸರು (ಬೇಕಂತಲೇ ಬ್ಲರ್ ಮಾಡಿದೀನಿ, ಕಾರಣ ಕೊನೇ ಭಾಗದಲ್ಲಿ), "ಇವರ ವಿವಾಹಕ್ಕೆ ಗ್ರಾಮಸೇವಕರ ಉಡುಗೊರೆ, ನ್ಯಾಮತಿ, ಹೊನ್ನಾಳಿ ತಾ||, ಶಿವಮೊಗ್ಗ ಜಿ||, ಕೀಲಕ ಸಂ|| ವೈಶಾಖ". ಇಸವಿ ಇಲ್ಲ!

ಹಾಗಾದ್ರೆ ಇದು ಯಾವ ಕಾಲದ್ದು? ಬನ್ನಿ, ಒಟ್ಟಿಗೆ ಹುಡುಕೋಣ. ಗುಜರಿ ಸುತ್ತೋದ್ರಲ್ಲಿ ನನಗೆ ಸಿಗೋ ನಿಜವಾದ ಖುಷಿ ಇದೇ. ಸಾಮಾನು ಸಿಗೋದಕ್ಕಿಂತ ಅದು ಯಾವಾಗಿಂದು ಅಂತ ಪತ್ತೆ ಹಚ್ಚೋದು.

ಮೊದಲು ವಿಳಾಸ. ಇವತ್ತು ನ್ಯಾಮತಿ ತಾನೇ ಒಂದು ತಾಲ್ಲೂಕು, 2018ರ ಹೊತ್ತಿಗೆ ಹೊನ್ನಾಳಿಯಿಂದ ಬೇರೆಯಾಯ್ತು. ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ವು. ಜಗಳೂರು ಚಿತ್ರದುರ್ಗದಲ್ಲಿತ್ತು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಹುಟ್ಟಿತು. ಆಗ ಮುಖ್ಯಮಂತ್ರಿ ಆಗಿದ್ದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರೇ. ಅಂದ್ರೆ ನಮ್ಮ ಕಡೆಯ ಯಾವುದೇ ಪಾತ್ರೆ, ಪುಸ್ತಕ, ಪತ್ರದ ಮೇಲೆ 'ಹೊನ್ನಾಳಿ, ಶಿವಮೊಗ್ಗ ಜಿಲ್ಲೆ' ಅಂತಿದ್ರೆ ಅದು 1997ಕ್ಕೆ ಮುಂಚಿನದು. (ಹಳೇ ಅಭ್ಯಾಸದಲ್ಲಿ ಆಮೇಲೂ ಹಾಗೇ ಬರೆದೋರು ಇರಬಹುದು. ನಮ್ಮಜ್ಜಿ ಈಗಲೂ ಜಗಳೂರು ಅಂದ್ರೆ ದುರ್ಗದ ಜಿಲ್ಲೆ ಅಂತಾಳೆ!)

ಆಮೇಲೆ ಸಂವತ್ಸರ. ಕೀಲಕ 60 ವರ್ಷಕ್ಕೊಮ್ಮೆ ಬರುತ್ತೆ. ಹಿಂದಿನದು 1968ರ ಯುಗಾದಿಗೆ ಶುರುವಾಗಿತ್ತು, ಅದಕ್ಕೂ ಹಿಂದಿನದು 1908ಕ್ಕೆ. ಇಲ್ಲಿ ನಾನು ಒಂದು ಇಡೀ ರಾತ್ರಿ ಒದ್ದಾಡಿದೆ. 1908ರದ್ದಾದ್ರೆ ನೂರು ವರ್ಷ ದಾಟಿದ ವಸ್ತು, 1968ರದ್ದಾದ್ರೆ ನಮ್ಮಜ್ಜಿ ಕಾಲದ್ದು. ಮನಸ್ಸು 1908 ಅಂತಲೇ ಹೇಳ್ತಿತ್ತು ಅಂತ ಬೇರೆ ಹೇಳಬೇಕಾ!

ಬಿಡಿಸಿದ್ದು 'ಗ್ರಾಮಸೇವಕ' ಅನ್ನೋ ಪದ. ಸಮುದಾಯ ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾಗಿದ್ದು 1952ರ ಅಕ್ಟೋಬರ್ 2ಕ್ಕೆ. ಹಳ್ಳಿ ಹಳ್ಳಿಗೆ ಹೋಗಿ ಹೊಸ ಬೀಜ, ಗೊಬ್ಬರ, ಹೊಗೆಯಿಲ್ಲದ ಒಲೆ ಅಂತ ಹೇಳಿಕೊಡ್ತಿದ್ದ ಗ್ರಾಮಸೇವಕರು ಆ ಯೋಜನೆಯವರು. 1908ರಲ್ಲಿ ಅಂಥ ಹುದ್ದೆಯೇ ಇರಲಿಲ್ಲ. ಹಾಗಾಗಿ 1968ರ ವೈಶಾಖ, ಏಪ್ರಿಲ್ ಕೊನೆಯಿಂದ ಮೇ ಒಳಗೆ. ಯಾರೋ ಒಬ್ಬ ಸಣ್ಣ ನೌಕರ, ತಾನು ಕೆಲಸ ಮಾಡ್ತಿದ್ದ ಊರಿನ ಮದುವೆಗೆ ಈ ಮುಯ್ಯಿ ಮಾಡಿದಾನೆ. ತನ್ನ ಹೆಸರನ್ನೂ ಕೊರೆಸಿಲ್ಲ, ಹುದ್ದೆ ಮಾತ್ರ.

ಇನ್ನೂ ಕೆಲವು ಗುರುತು ಹೇಳ್ತೀನಿ, ಸೇವ್ ಮಾಡ್ಕೊಳ್ಳಿ. 'ಮೈಸೂರು ರಾಜ್ಯ' ಅಂತಿದ್ರೆ 1973ರ ನವೆಂಬರ್ 1ಕ್ಕೆ ಮುಂಚೆ. ಬೆಲೆ ಆಣೆಯಲ್ಲಿದ್ರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮುಂಚೆ. 'ನಯೇ ಪೈಸೆ' ಅಂತಿದ್ರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15ರ ಮೇಲೆ. ಎಲ್ಲ ನಮ್ಮ ಪರೀಕ್ಷೆಗೆ ಬರೋ ದಿನಾಂಕಗಳೇ, ಆದ್ರೆ ಕೈಯಲ್ಲಿ ಒಂದು ತಂಬಿಗೆ ಇದ್ದಾಗ ಅವನ್ನ ಬಾಯಿಪಾಠ ಮಾಡೋದೇ ಬೇಡ, ತಾವಾಗೇ ತಲೇಲಿ ಕೂರ್ತವೆ.

ಭಾಗ 3

"ಹೆಸರು ಕೊರೆಸಿದ ಪಾತ್ರೆ ಗುಜರಿಗೆ ಹೆಂಗೆ ಬಂತು?"

ಇದು ನನ್ನ ಪ್ರಶ್ನೆಯಲ್ಲ, ನಮ್ಮಜ್ಜಿದು. ಅವಳಿಗೆ ಓದೋಕೆ ಬರಲ್ಲ. ತಂಬಿಗೆ ಕೈಗೆ ಕೊಟ್ಟ ತಕ್ಷಣ ಹೆಬ್ಬೆರಳಿಂದ ಆ ಚುಕ್ಕಿಗಳನ್ನ ಸವರಿ, ಒಂದೇ ಮಾತು ಕೇಳಿದ್ಲು. ಆಮೇಲೆ ಸುಮ್ಮನಾದ್ಲು.

ಅವಳ ಸುಮ್ಮನಿರೋದಕ್ಕೆ ಕಾರಣ ನನಗೆ ಗೊತ್ತು. ಜಗಳೂರು ಕಡೆಯ ತವರಿಂದ ಅವಳು ತಂದಿದ್ದ ತಾಮ್ರದ ಹಂಡೆ ಒಂದಿತ್ತು. ನಾನು ಚಿಕ್ಕವಳಿದ್ದಾಗ ಬಚ್ಚಲಲ್ಲಿ ನೋಡಿದ ನೆನಪು, ಹೊರಗೆ ಮಸಿ, ಒಳಗೆ ಕೆಂಪು. ಗೀಸರ್ ಬಂತು. ಅಜ್ಜಿ ಮಗಳ ಮನೆಗೆ ಹೋಗಿದ್ದಾಗ ಮನೆಯವರು ಹಂಡೆ ಮಾರಿಬಿಟ್ರು. ವಾಪಸ್ ಬಂದು ಖಾಲಿ ಒಲೆ ನೋಡಿ ಅವಳು ಬೈಯಲಿಲ್ಲ, ಅಳಲಿಲ್ಲ. ಎರಡು ದಿನ ಸ್ನಾನ ಮಾಡಲಿಲ್ಲ ಅಷ್ಟೇ. ನಾನು ಗುಜರಿ ಅಂಗಡಿ ಹತ್ತೋಕೆ ಶುರು ಮಾಡಿದ್ದು ಆ ಹಂಡೆ ಎಲ್ಲಾದ್ರೂ ಸಿಗುತ್ತಾ ಅಂತ. ಸಿಗಲ್ಲ ಅಂತ ಈಗ ಗೊತ್ತು. ಆದ್ರೂ ಹಂಡೆ ಕಂಡ್ರೆ ಬಗ್ಗಿ ನೋಡ್ತೀನಿ.

ಹಿತ್ತಾಳೆ, ತಾಮ್ರ ನಮ್ಮ ಅಡುಗೆಮನೆ ಬಿಟ್ಟಿದ್ದರ ಹಿಂದೆ ಒಂದು ಸರಪಳಿ ಇದೆ. ಆ ಪಾತ್ರೆಗಳಲ್ಲಿ ಹುಳಿ ಪದಾರ್ಥ ಮಾಡಬೇಕಂದ್ರೆ ಒಳಗೆ ಕಲಾಯಿ ಬೇಕು. ಕಲಾಯಿಯವರು ಊರಿಗೆ ಬಂದು, ನೆಲದಲ್ಲಿ ಕುಳಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಹಾಕಿ, ತವರ ಸವರಿ, ಅರಿವೆಯಿಂದ ಒರೆಸಿದ್ರೆ ಒಳಗೆ ಬೆಳ್ಳಿ ಹಾಗೆ ಹೊಳೀತಿತ್ತಂತೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಸ್ಟೀಲ್ ಪಾತ್ರೆ ಮನೆಮನೆಗೆ ಬಂತು. ಕಲಾಯಿ ಬೇಡ, ಹುಣಸೆಹಣ್ಣು ಹಾಕಿ ಉಜ್ಜೋದು ಬೇಡ. ಹೆಂಗಸರ ಕೈಗೆ ಅದು ದೊಡ್ಡ ಬಿಡುಗಡೆ, ಅದನ್ನ ಮರೆತು ಸುಮ್ಮನೆ 'ಹಳೇದೇ ಚೆಂದ' ಅನ್ನೋದು ತಪ್ಪು. ಸ್ಟೀಲ್ ಬಂದ ಮೇಲೆ ಕಲಾಯಿಯವರಿಗೆ ಕೆಲಸ ಕಡಿಮೆ ಆಯ್ತು. ಅವರು ಬರೋದು ನಿಂತ ಮೇಲೆ ಅಟ್ಟದ ಮೇಲಿದ್ದ ಪಾತ್ರೆಗಳು ಬಳಸೋಕೆ ಬಾರದೆ ಹೋದ್ವು. ಬಳಸದ ಪಾತ್ರೆಗೆ ಉಳಿಯೋದು ತೂಕದ ಬೆಲೆ.

ಇನ್ನೊಂದು ಕಾರಣ ಬರ. ಜಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮೊದಲು ಬಂಗಾರ, ಆಮೇಲೆ ದನ, ಆಮೇಲೆ ಪಾತ್ರೆ. ಒಂದು ಸ್ವಾರಸ್ಯ ಕೇಳಿ: 1908ರ ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಸೆಕ್ಷನ್ ಪ್ರಕಾರ, ಸಾಲ ತೀರಿಸದವನ ಮನೆ ಜಪ್ತಿ ಮಾಡುವಾಗಲೂ ಅವನ, ಅವನ ಹೆಂಡತಿ ಮಕ್ಕಳ ಅಗತ್ಯದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮುಟ್ಟೋ ಹಾಗಿಲ್ಲ. ಇವತ್ತಿಗೂ ಅದು ಜಾರಿಯಲ್ಲಿದೆ. ಕೋರ್ಟಿನ ಅಮೀನ ಮುಟ್ಟಬಾರದ ಪಾತ್ರೆಯನ್ನ ಮನೆ ಯಜಮಾನನೇ ಹೊತ್ಕೊಂಡು ಗಿರವಿ ಅಂಗಡಿಗೆ ಹೋದ್ರೆ ತಡೆಯೋಕೆ ಯಾವ ಸೆಕ್ಷನ್ನೂ ಇಲ್ಲ.

ಹಾಗಾಗಿ ಗುಜರಿಯಲ್ಲಿ ಏನಾದ್ರೂ ಸಿಕ್ಕಾಗ 'ವಾವ್, ಎಂಥ ಡೀಲ್' ಅಂತ ಸ್ಟೋರಿ ಹಾಕೋಕೆ ಮುಂಚೆ ನನಗೆ ಒಂದು ಕ್ಷಣ ಕೈ ತಡೆಯುತ್ತೆ. ಖುಷಿ ಇಲ್ಲ ಅಂತಲ್ಲ. ಖುಷಿ ಇದೆ, ಅದರ ಜೊತೆಗೆ ಇದೂ ಇದೆ.

ಭಾಗ 4

ನಮ್ಮ ನಾಲ್ಕು ತಾಲ್ಲೂಕಿನ ಅಕ್ಷರಗಳನ್ನ ಹುಡುಕಿ ಹುಡುಕಿ ಕೂಡಿಟ್ಟವರು ಒಬ್ಬರಿದ್ರು, ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟ (1902) ತೆಗೆದು ನೋಡಿ, ಶಿವಮೊಗ್ಗ, ಶಿಕಾರಿಪುರದ ಜೊತೆ ಹೊನ್ನಾಳಿ, ಚನ್ನಗಿರಿಯ ಶಾಸನಗಳಿವೆ. ಜಗಳೂರಿನವು 11ನೇ ಸಂಪುಟದಲ್ಲಿ, ಚಿತ್ರದುರ್ಗದ ಜೊತೆ. ನ್ಯಾಮತಿಯವರು ಹೊನ್ನಾಳಿ ಕೆಳಗೆ ಹುಡುಕಬೇಕು. ಎರಡೂ ನೆಟ್‌ನಲ್ಲಿ ಪುಕ್ಕಟೆ ಸಿಗ್ತವೆ. ನಿಮ್ಮೂರ ಹೆಸರು ಹುಡುಕಿ ನೋಡಿ, ಕಂಡ್ರೆ ಮೈ ಜುಮ್ಮೆನ್ನುತ್ತೆ.

ರೈಸ್ ಕಲ್ಲು ನೋಡಿದ್ರು, ತಾಮ್ರಪಟ ನೋಡಿದ್ರು. ದಾನ ಕೊಟ್ಟವರು, ಯುದ್ಧದಲ್ಲಿ ಸತ್ತವರು, ಕೆರೆ ಕಟ್ಟಿಸಿದವರು. ಅದೇ ತಾಮ್ರ, ಅದೇ ಕನ್ನಡ, 'ಇಂಥವರಿಗೆ ಇಂಥವರು ಇಂಥ ದಿನ ಕೊಟ್ಟಿದ್ದು' ಅನ್ನೋ ಅದೇ ಒಕ್ಕಣೆ ನಮ್ಮಜ್ಜಿಯರ ಕೊಡ, ಬೋಗುಣಿ, ತಂಬಿಗೆ ಮೇಲೂ ಇದೆ. ಹೆಂಗಸರ ಹೆಸರು ಇಷ್ಟೊಂದು ಸಂಖ್ಯೆಯಲ್ಲಿ ಇರೋ ಬೇರೆ ದಾಖಲೆ ನಾನಂತೂ ಕಂಡಿಲ್ಲ. ಹಳೇ ಜಮೀನು ಪತ್ರದಲ್ಲಿ ಹುಡುಕಿದ್ರೆ ಗಂಡಸರದೇ ಹೆಸರು. ಇವನ್ನ ಯಾರೂ ಸಂಪುಟ ಮಾಡಲಿಲ್ಲ, ಕಿಲೋ ಲೆಕ್ಕದಲ್ಲಿ ಲಾರಿ ಹತ್ತುತ್ತಿವೆ.

ಒಂದು ಎಚ್ಚರಿಕೆ. ಗುಜರಿಯಲ್ಲಿ ಕೊಳ್ಳೋದು ಬೇರೆ, ಹೊಲದಲ್ಲಿ ಅಗೆಯೋದು ಬೇರೆ. ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕಿದ್ರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆ ಹೇಳುತ್ತೆ. ನೂರು ವರ್ಷ ದಾಟಿದ ಕಲಾವಸ್ತು, ನಾಣ್ಯ, ಶಾಸನ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಇವು 1972ರ ಪುರಾವಸ್ತು ಕಾಯ್ದೆಗೆ ಬರ್ತವೆ. ಸಂತೇಬೆನ್ನೂರು ಪುಷ್ಕರಣಿ ಕಡೆ, ಚನ್ನಗಿರಿ ಕೋಟೆ ಕಡೆ ಹೋದಾಗ ಒಂದು ಚೂರು ಕಲ್ಲನ್ನೂ ಬ್ಯಾಗಿಗೆ ಹಾಕ್ಬೇಡಿ. ವೀರಗಲ್ಲು ಕಂಡ್ರೆ ಫೋಟೋ ಹೊಡೀರಿ, ಜಾಗ ಬರ್ಕೊಳ್ಳಿ, ಬಿಟ್ಟು ಬನ್ನಿ.

ಭಾಗ 5

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಗೊತ್ತಲ್ಲ, ಸಂತ ಸೇವಾಲಾಲರ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ದೂರದ ತಾಂಡಾಗಳಿಂದ ಲಂಬಾಣಿ ಜನ ಬರ್ತಾರೆ. ನಮ್ಮ ಕ್ಲಾಸಲ್ಲೂ ತಾಂಡಾದ ಗೆಳತಿಯರಿದ್ದೀರಿ, ಈ ಭಾಗದಲ್ಲಿ ತಪ್ಪಿದ್ರೆ ತಿದ್ದಿ.

ಹಳೇ ಲಂಬಾಣಿ ಕುಪ್ಪಸ, ಲಂಗದ ತುಂಡುಗಳು ಸಂತೆಯಲ್ಲಿ ಆಗಾಗ ಮಾರೋಕೆ ಬರ್ತವೆ. ಅದರ ಮೇಲೆ ಕನ್ನಡಿ, ಕವಡೆ, ಕೆಲವೊಮ್ಮೆ ನಾಣ್ಯ. ರಾಣಿ ವಿಕ್ಟೋರಿಯಾ, ಜಾರ್ಜ್ ರಾಜರ ರೂಪಾಯಿ ಸರ ಮಾಡಿಸ್ಕೊಂಡಿದ್ದು ಬರೀ ಶೋಕಿಗಲ್ಲ. ಆ ರೂಪಾಯಿ 11.66 ಗ್ರಾಂ ತೂಗ್ತಿತ್ತು, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿ ಅರ್ಧಕ್ಕೆ ಇಳೀತು, 1947ಕ್ಕೆ ರೂಪಾಯಿ ಪೂರ್ತಿ ನಿಕ್ಕಲ್ ಆಯ್ತು. ಊರೂರು ಅಲೆಯೋ ಸಮುದಾಯಕ್ಕೆ ಮೈಮೇಲಿನ ಬೆಳ್ಳಿಯೇ ಬ್ಯಾಂಕು.

ಇಲ್ಲಿ ನನಗೆ ಸಿಟ್ಟು ಬರೋ ವಿಷಯ ಒಂದಿದೆ. ತಿಂಗಳುಗಟ್ಟಲೆ ಕೂತು ಹೊಲಿದ ಕುಪ್ಪಸ ಸಂತೆಯಲ್ಲಿ ಕೆಲವು ನೂರಕ್ಕೆ ಹೋಗುತ್ತೆ. ಅಂಥದ್ದನ್ನೇ ಕತ್ತರಿಸಿ ದಿಂಬಿನ ಕವರು, ಬ್ಯಾಗು ಮಾಡಿ ಗೋವಾದ ಅಂಜುನಾ ಸಂತೆಯಲ್ಲಿ ಪ್ರವಾಸಿಗರಿಗೆ ಹಲವು ಪಟ್ಟು ಬೆಲೆಗೆ ಮಾರ್ತಾರೆ. ಇದೇ ಕಸೂತಿಗೆ ಸಂಡೂರಿನ ಹೆಸರಲ್ಲಿ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ವಸ್ತು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯೂ ಆಯ್ತು. ಹಳೇ ಲಂಬಾಣಿ ಬಟ್ಟೆ ಬೇಕಂದ್ರೆ ಹೊಲಿದವರ ಕೈಯಿಂದ, ಅವರು ಹೇಳಿದ ಬೆಲೆಗೆ ತಗೊಳ್ಳಿ. ಅಲ್ಲಿ ಚೌಕಾಸಿ ಬೇಡ ಪ್ಲೀಸ್.

ಭಾಗ 6

ಪುಸ್ತಕದ ಬಗ್ಗೆ ಬರಿ ಅಂತ ತುಂಬಾ ಜನ ಕೇಳಿದ್ರಿ. ಅದಕ್ಕೇ ಬೇರೆ ಸರಣಿ ಮಾಡ್ತೀನಿ. ಸದ್ಯಕ್ಕೆ ಒಂದೇ ಮಾತು: ರದ್ದಿ ಪೇಪರ್ ಅಂಗಡಿಯಲ್ಲಿ ದಪ್ಪ ರಟ್ಟಿನ, ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕ ಕಂಡ್ರೆ ಬಿಡ್ಬೇಡಿ. ಸೋವಿಯತ್ ಒಕ್ಕೂಟ 1991ರಲ್ಲಿ ಮುಗಿದ ಮೇಲೆ ಆ ಥರದ ಅಚ್ಚು ಮತ್ತೆ ಬರಲಿಲ್ಲ.

ಈಗ ತಂಬಿಗೆ ವಿಷಯಕ್ಕೆ. ಹೆಸರು ಬ್ಲರ್ ಮಾಡಿದ್ದು ಯಾಕಂದ್ರೆ, ಅದು ಯಾರದೋ ಅಜ್ಜಿ ಹೆಸರು. ಮಾರಿದವರಿಗೆ ಮುಜುಗರ ಆಗಬಾರದು. ಭಾಗ 2 ಹಾಕಿದ ಮೇಲೆ ಮೂರು ಮೆಸೇಜ್ ಬಂದ್ವು. ಎರಡು ಬರೀ "ಎಷ್ಟಕ್ಕೆ ಕೊಡ್ತೀಯಾ". ಮೂರನೇದು ನನಗಿಂತ ಒಂದು ವರ್ಷ ಚಿಕ್ಕವಳದು. ಅವಳ ಅಜ್ಜಿ ನ್ಯಾಮತಿಯವರು, ಮದುವೆ ಆಗಿದ್ದು 'ಆ ಬಿಸಿಲಲ್ಲಿ, ಅರವತ್ತೆಂಟೋ ಅರವತ್ತೊಂಬತ್ತೋ'. ಹೆಸರು ನಾನು ಹೇಳೋ ಮೊದಲೇ ಅವಳೇ ಹೇಳಿದ್ಲು. ಮೊದಲ ಅಕ್ಷರ ಸರಿಯಿದೆ, ಕೊನೇದು ತಂಬಿಗೆ ಮೇಲೆ ನಗ್ಗಿಹೋಗಿದೆ. ಅಜ್ಜಿಯ ಲಗ್ನಪತ್ರಿಕೆ ಟ್ರಂಕಿನಲ್ಲಿ ಇದೆಯಂತೆ, ಹುಡುಕಿ ಭಾನುವಾರ ತರ್ತಾಳಂತೆ. ಸಂವತ್ಸರ ತಾಳೆ ಆದ್ರೆ ಅವಳದೇ.

"ಆದ್ರೆ ಎಷ್ಟು ಇಸ್ಕೊಳ್ಳಲಿ ಅಜ್ಜಿ?" ಅಂದೆ.

"ನೀ ಎಷ್ಟು ಕೊಟ್ಟಿದ್ದೆ?"

"ಮುನ್ನೂರು."

"ಬಸ್ ಚಾರ್ಜು ನಂದೇ ಇರ್ಲಿ ಬಿಡು. ಮುನ್ನೂರೇ ಇಸ್ಕೊ" ಅಂದ್ಲು. ಅಂದವಳೇ ಎದ್ದು ಹೋದ್ಲು.

ಹಳೇ ಲೋಹ ಉಜ್ಜಬಾರದು, ಆ ಕಪ್ಪೇ ಅದರ ವಯಸ್ಸು ಅಂತ ನಿಮಗೆಲ್ಲ ಉಪದೇಶ ಮಾಡೋಳು ನಾನು. ಅರ್ಧ ಗಂಟೆ ಬಿಟ್ಟು ಹಿತ್ತಲಿಗೆ ಹೋಗಿ ನೋಡ್ತೀನಿ, ಅಜ್ಜಿ ಹುಣಸೆಹಣ್ಣು, ಉಪ್ಪು ಹಚ್ಚಿ ತಂಬಿಗೆಯನ್ನ ಪಳಪಳ ಮಾಡಿ ಬಿಸಿಲಿಗೆ ಇಟ್ಟಿದಾಳೆ. "ಮದ್ವೆ ಹೆಣ್ಣಿನ ತಂಬಿಗಿ, ಹಂಗೇ ಕೊಡಕ್ಕಾಗ್ತದೇನೆ?" ಅಂದ್ಲು. ಕೊನೇ ಫೋಟೋ ಅದೇ.