ಉರಗಗಳ ಒಡಲಿನ ಹುಳುಗಳು

ಹಾವು, ಹಲ್ಲಿ, ಉಡಗಳ ಒಡಲಲ್ಲಿ ಬದುಕುವ ಹುಳುಗಳನ್ನು ದುಂಡುಹುಳು, ಲಾಡಿಹುಳು, ಚಪ್ಪಟೆಹುಳು, ಮುಳ್ಳುತಲೆ ಹುಳು ಎಂದು ವಿಂಗಡಿಸುವ ಪದ್ಧತಿಗೆ ಬುನಾದಿ ಹಾಕಿದವನು ಕಾರ್ಲ್ ರುಡೋಲ್ಫಿ. ಅವನ ಸಮಗ್ರ ಸೂಚಿ 1819ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. ಭಾರತದ ಹುಳುಗಳ ವಿವರ ಒಂದು ಕಡೆ ಸೇರಲು ಮತ್ತೂ ನೂರು ವರ್ಷ ಹಿಡಿಯಿತು. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಟಿ. ಸೌತ್‌ವೆಲ್ 1930ರಲ್ಲಿ ಲಾಡಿಹುಳುಗಳ ಬಗ್ಗೆಯೂ ಎಚ್. ಎ. ಬೇಲಿಸ್ 1936 ಮತ್ತು 1939ರಲ್ಲಿ ದುಂಡುಹುಳುಗಳ ಬಗ್ಗೆಯೂ ಸಂಪುಟಗಳನ್ನು ಹೊರತಂದರು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಇವೇ ಕೈಪಿಡಿಗಳು.

ಪುತ್ತೂರು, ಸುಳ್ಯ, ಕಡಬದ ಕಡೆ ಇಂಥ ಹುಳುಗಳಿಗೆ ಮನೆಯಾಗುವ ಪ್ರಾಣಿಗಳಿಗೆ ಬರವಿಲ್ಲ: ಅಡಿಕೆ ತೋಟದ ಕೇರೆ, ತೋಡಿನ ಬದಿಯ ಉಡ, ಮರದಿಂದ ಮರಕ್ಕೆ ತೇಲುವ ಹಾರುವ ಓತಿ, ಮಾಡಿನ ಹಲ್ಲಿ. ಕೇರೆ ನುಂಗಿದ ಕಪ್ಪೆ, ಇಲಿಯ ಜೊತೆಗೆ ಮರಿಹುಳುಗಳೂ ಒಳಸೇರುತ್ತವೆ. ನಾಗರಹಾವಿನ ಮಾತು ಬೇರೆ. ಸತ್ತ ನಾಗರ ಕಣ್ಣಿಗೆ ಬಿದ್ದರೆ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡುವುದು ತುಳುನಾಡಿನ ರೂಢಿ. ಈಗ ಕಡಬ ತಾಲೂಕಿಗೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದ ಸರ್ಪಸಂಸ್ಕಾರ ನಾಡಿಗೆಲ್ಲ ಗೊತ್ತು. ಚಿತೆಗೇರುವ ಹಾವು ಕತ್ತರಿಗೆ ಸಿಗುವುದಿಲ್ಲ. ವಿಜ್ಞಾನಕ್ಕೆ ಒದಗಿದ್ದು ಬೇರೆ ಊರುಗಳ ಹೆಣಗಳು: ಕಲ್ಕತ್ತೆಯ ಮೃಗಾಲಯದಲ್ಲಿ ಸತ್ತ ಪ್ರಾಣಿಗಳ ದುಂಡುಹುಳುಗಳನ್ನು ಪಿ. ಎ. ಮೇಪಲ್‌ಸ್ಟೋನ್ 1930ರ ಸುಮಾರಿಗೆ ವಿವರಿಸಿದ್ದು ಹೀಗೆಯೇ.

ಕೊಯ್ದ ಮೇಲಿನ ಕೆಲಸ ಬಲು ನಿಧಾನ. ಜಠರ, ಕರುಳು, ಶ್ವಾಸಕೋಶಗಳನ್ನು ಬೇರೆ ಬೇರೆ ಬಟ್ಟಲುಗಳ ಉಪ್ಪುನೀರಿಗೆ ಹಾಕುತ್ತಾರೆ. ಹುಳು ಸಿಕ್ಕಿದ ಜಾಗವೇ ಮೊದಲ ಸುಳಿವು. ದುಂಡುಹುಳುವನ್ನು ಬಿಸಿ ಆಲ್ಕೊಹಾಲಿಗೆ ಬಿಟ್ಟರೆ ಸುರುಳಿ ಬಿಚ್ಚಿ ನೆಟ್ಟಗಾಗುತ್ತದೆ, ಲ್ಯಾಕ್ಟೋಫಿನಾಲ್‌ನಲ್ಲಿ ಒಳಗೆಲ್ಲ ಕಾಣುವಷ್ಟು ತಿಳಿಯಾಗುತ್ತದೆ. ಲಾಡಿಹುಳುವನ್ನು ಗಾಜುಗಳ ನಡುವೆ ಒತ್ತಿ ಕಾರ್ಮೈನ್ ಬಣ್ಣ ಕಟ್ಟುತ್ತಾರೆ. ಹಾವಿನ ಕರುಳಿನ ಕ್ಯಾಲಿಸೆಫಾಲಸ್ ಹುಳುವಿನ ಬಾಯಿ ಮರುವಾಯಿ ಚಿಪ್ಪಿನಂತೆ ಎರಡು ಹೋಳು. ಉಡದ ಜಠರದ ಟ್ಯಾಂಕ್ವಾ ಹುಳುವಿಗೆ ಉಬ್ಬಿದ ತಲೆ. ಇಷ್ಟರಿಂದ ಕುಲ ಗೊತ್ತಾಗುತ್ತದೆ. ಪ್ರಭೇದಕ್ಕೆ ಗಂಡುಹುಳುವಿನ ಬಾಲ ಬೇಕೇ ಬೇಕು. ಹೆಣ್ಣುಹುಳುಗಳಷ್ಟೇ ಸಿಕ್ಕರೆ ಕೆಲಸ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಆಶ್ರಯ ಕೊಟ್ಟ ಹಾವು ಬದಲಾದಾಗಲೆಲ್ಲ ಹೊಸ ಹೆಸರಿಡುವ ಚಪಲವೂ ಇತ್ತು. 1962ರಲ್ಲಿ ಗೆರ್ಹಾರ್ಡ್ ಶಾಡ್ ಕ್ಯಾಲಿಸೆಫಾಲಸ್ ಕುಲವನ್ನು ಪರಿಷ್ಕರಿಸಿದಾಗ ಅಂಥ ಹಲವು ಹೆಸರುಗಳು ಬಿದ್ದುಹೋದವು.

ವರ್ಗೀಕರಣ ಹೆಚ್ಚು ಎಡವಿದ್ದು ಆ ನಾಲ್ಕು ಗುಂಪುಗಳಿಗೂ ಸೇರದ ನಾಲಿಗೆ ಹುಳುವಿನಲ್ಲಿ. ಕೇರೆಯಲ್ಲಿ ಸಿಗುವ ನಾಲಿಗೆ ಹುಳು ಕಿರಿಸೆಫಾಲಸ್ ಪ್ಯಾಟನಿಯನ್ನು 1908ರಲ್ಲಿ ಸ್ಟೀಫನ್ಸ್ ವಿವರಿಸಿದ: ದುಂಡನೆಯ ತಲೆ, ಸಪೂರ ಕುತ್ತಿಗೆ, ಉಂಗುರ ಉಂಗುರದ ಮೈ. ಇಂಥ ಹುಳುಗಳ ಬಾಯಿಯ ಎರಡೂ ಬದಿಗೆ ಎರಡೆರಡು ಕೊಕ್ಕೆಗಳಿವೆ. ಕೊಕ್ಕೆಯ ಗುಳಿಗಳನ್ನೂ ಹಿಂದಿನವರು ಬಾಯಿಗಳೆಂದೇ ಎಣಿಸಿದ್ದರು. ಮರಿಗೆ ಕೀಲುಕಾಲಿನ ಜೀವಿಗಳ ಲಕ್ಷಣ ಇರುವುದನ್ನು 1840ರ ದಶಕದ ಕೊನೆಗೆ ಬೆಲ್ಜಿಯಂನ ವಾನ್ ಬೆನೆಡೆನ್ ಗಮನಿಸಿದರೂ ಇದರ ಸ್ಥಾನ ಇತ್ಯರ್ಥವಾಗಲಿಲ್ಲ. 1972ರಲ್ಲಿ ವಿಂಗ್‌ಸ್ಟ್ರಾಂಡ್ ಹಲ್ಲಿಯ ನಾಲಿಗೆ ಹುಳುವಿನ ವೀರ್ಯಾಣುವನ್ನು ಸೀಗಡಿ, ಏಡಿಗಳ ಬಳಗದ ಮೀನಿನ ಹೇನಿನದರ ಜೊತೆ ಹೋಲಿಸಿ, ಎರಡರ ರಚನೆಯೂ ಒಂದೇ ಎಂದು ತೋರಿಸಿದರು. 1989ರ ಆರ್‌ಎನ್‌ಎ ಅಧ್ಯಯನ ಅದನ್ನೇ ಎತ್ತಿಹಿಡಿಯಿತು. ಅದೇ ಬಳಗಕ್ಕೆ ಸೇರಿದ ಈ ಜೀವಿಯನ್ನು ಹುಳುಗಳ ಪುಸ್ತಕಗಳು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಅದೇ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಈಗ ಕೇರೆ, ಉಡಗಳನ್ನು ಹಿಡಿದು ಕೊಯ್ಯುವಂತಿಲ್ಲ. ಅಧ್ಯಯನಕ್ಕೆ ಸರ್ಕಾರದ ಅನುಮತಿ ಬೇಕು. ಬದುಕಿರುವ ಹಾವಿನ ಮಲದಲ್ಲಿ ಮೊಟ್ಟೆ ಹುಡುಕಬಹುದು, ಆದರೆ ಮೊಟ್ಟೆಯ ಆಕಾರದಿಂದ ಸಾಮಾನ್ಯವಾಗಿ ಗುಂಪನ್ನಷ್ಟೇ ಹೇಳಲು ಸಾಧ್ಯ.