ತಲೆಸುತ್ತು, ಕಿವಿಯೊಳಗೆ ಗುಂಯ್ ಸದ್ದು: ಎಲ್ಲವೂ ಪಿತ್ತವಲ್ಲ, ಬಿಪಿಯೂ ಅಲ್ಲ

ಪಾಂಡವಪುರ: ನಮ್ಮ ಕಡೆ ಯಾರಿಗಾದ್ರೂ ತಲೆ ತಿರುಗಿದ್ರೆ ಮೊದಲ ಮಾತು ‘ಪಿತ್ತ ಜಾಸ್ತಿ ಆಗಿದೆ, ನಿಂಬೆಹಣ್ಣು ಹಿಂಡ್ಕೊಂಡು ಕುಡಿ’. ಎರಡನೇ ಮಾತು ‘ಬಿಪಿ ಚೆಕ್ ಮಾಡ್ಸು’. ಮೂರನೆಯದು ದೃಷ್ಟಿ ತೆಗೆಸೋದು. ಕಿವಿ ತೋರ್ಸು ಅಂತ ಯಾರೂ ಹೇಳಲ್ಲ. ನಮ್ಮ ದೊಡ್ಡಮ್ಮ ಎರಡು ವರ್ಷ ಗ್ಯಾಸ್ ಮಾತ್ರೆ ನುಂಗಿದ ಮೇಲೆ ಗೊತ್ತಾಗಿದ್ದು, ತೊಂದರೆ ಇದ್ದದ್ದು ಎಡಗಿವಿಯ ಒಳಗೆ ಅಂತ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕಿನ ಓದುಗರಿಗೆ ಉಪಯೋಗಕ್ಕೆ ಬರಲಿ ಅಂತ ಈ ಮಾಹಿತಿ.

ಒಳಗಿವಿಯ ಕೆಲಸ ಏನು?

ಕಿವಿ ಇರೋದು ಕೇಳೋಕೆ ಮಾತ್ರ ಅಲ್ಲ. ಕಿವಿತಮಟೆಯಿಂದ ಒಳಗೆ, ಮೂಳೆಯಲ್ಲಿ ಹುದುಗಿರುವ ಬಸವನಹುಳು ಆಕಾರದ ಭಾಗ ಶಬ್ದ ಹಿಡಿಯುತ್ತದೆ. ಅದರ ಪಕ್ಕದಲ್ಲೇ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಅಂತ ಮೆದುಳಿಗೆ ಹೇಳೋದು ಇವೇ. ಮಕ್ಕಳು ಗಿರಗಿರ ಸುತ್ತಿ ನಿಂತಾಗ ನೆಲ ತಿರುಗಿದ ಹಾಗೆ ಕಾಣುತ್ತಲ್ಲ, ಅದು ಈ ದ್ರವ ಇನ್ನೂ ನಿಂತಿಲ್ಲ ಅಂತ.

ಸೆಕೆಂಡಾ, ಗಂಟೆಯಾ?

ಡಾಕ್ಟರ್ ಮುಂದೆ ಕೂತಾಗ ‘ತಲೆಸುತ್ತು’ ಅಂದ್ರೆ ಸಾಲದು. ಕಣ್ಣು ಕತ್ತಲೆ ಬರೋದು ಬೇರೆ, ಮನೆಯ ತೊಲೆ, ಗೋಡೆ ಸುತ್ತೋದು ಬೇರೆ. ಎಷ್ಟು ಹೊತ್ತು ಇರುತ್ತೆ ಅನ್ನೋದು ಅದಕ್ಕಿಂತ ಮುಖ್ಯ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಕಡೆ ತಲೆ ಎತ್ತಿದಾಗ ಒಂದು ನಿಮಿಷದೊಳಗೆ ಬಂದು ಹೋದರೆ ಅದು ಬಹುಪಾಲು ಬಿಪಿಪಿವಿ. ಒಳಗಿವಿಯಲ್ಲಿರುವ ಸುಣ್ಣದ ಸಣ್ಣ ಹರಳುಗಳು ಜಾಗ ಬಿಟ್ಟು ನಾಳಕ್ಕೆ ಸೇರಿಕೊಳ್ಳೋದು ಇದಕ್ಕೆ ಕಾರಣ. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ ಕಂಡುಹಿಡಿದ ವಿಧಾನದಲ್ಲಿ ರೋಗಿಯನ್ನು ಮಲಗಿಸಿ, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸ್ತಾರೆ. ಹತ್ತು ನಿಮಿಷದ ಕೆಲಸ, ಆಪರೇಷನ್ ಇಲ್ಲ. ಇಂಥವರು ತಿಂಗಳುಗಟ್ಟಲೆ ಮಾತ್ರೆ ನುಂಗ್ತಾ ಕೂರೋದು ನೋಡಿದ್ರೆ ಬೇಜಾರಾಗುತ್ತೆ.

ದೊಡ್ಡಮ್ಮನದು ಅದಲ್ಲ, ಮಿನಿಯೇರ್ ಕಾಯಿಲೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪ್ರಾಸ್ಪರ್ ಮಿನಿಯೇರ್ ಇಂಥ ತಲೆಸುತ್ತಿಗೆ ಮೂಲ ಮೆದುಳಲ್ಲ, ಒಳಗಿವಿ ಅಂತ ಹೇಳಿದ್ದರಿಂದ ಆ ಹೆಸರು. ಒಳಗಿವಿಯ ದ್ರವ ಹೆಚ್ಚಾಗಿ ಒತ್ತಡ ಬೀಳುತ್ತದೆ. ಮೊದಲು ಕಿವಿ ತುಂಬಿಕೊಂಡ ಹಾಗೆ, ಆಮೇಲೆ ಗುಂಯ್ ಸದ್ದು, ಆಮೇಲೆ ಮನೆಯೇ ಸುತ್ತೋದು, ವಾಂತಿ. ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆವರೆಗೂ ಇರಬಹುದು. ಸಾಮಾನ್ಯವಾಗಿ ಒಂದೇ ಕಿವಿಗೆ, 40ರಿಂದ 60ರ ವಯಸ್ಸಿನಲ್ಲಿ ಶುರುವಾಗುತ್ತೆ. ದಾಳಿ ಮುಗಿದ ಮೇಲೆ ಕೇಳಿಸೋದು ಸರಿಯಾದ ಹಾಗೆ ಅನ್ನಿಸಿದರೂ ವರ್ಷ ಕಳೆದಂತೆ ಕಿವಿ ಮಂದವಾಗುತ್ತಾ ಹೋಗುತ್ತೆ. ಜೀವಕ್ಕೆ ಅಪಾಯ ಇಲ್ಲ, ಆದರೆ ಪೂರ್ತಿ ವಾಸಿಯಾಗುವ ಔಷಧಿಯೂ ಇಲ್ಲ.

ಜನಕ್ಕೆ ಇದು ಕಣ್ಣಿಗೆ ಕಾಣಲ್ಲ, ಅದೇ ದೊಡ್ಡ ಕಷ್ಟ. ನಾಟಿ ಕೆಲಸಕ್ಕೆ ಕರೆದಾಗ ಬರಲಿಲ್ಲ ಅಂದ್ರೆ ‘ನಿನ್ನೆ ಚೆನ್ನಾಗೇ ಇದ್ಲಲ್ಲ’ ಅಂತಾರೆ. ನಿನ್ನೆ ಚೆನ್ನಾಗೇ ಇರ್ತಾರೆ, ಕಾಯಿಲೆ ಇರೋದೇ ಹಾಗೆ.

ದಿನಾ ಬಾಳೋದು ಹೇಗೆ?

ವೈದ್ಯರು ಮೊದಲು ಹೇಳೋದು ಉಪ್ಪು ಕಡಿಮೆ ಮಾಡಿ ಅಂತ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಒಂದು ಟೀ ಚಮಚದೊಳಗೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಕೊಡುವ ಲೆಕ್ಕ. ಮುದ್ದೆ ಜೊತೆ ಉಪ್ಪುಸಾರು ಉಣ್ಣೋ ಮಂಡ್ಯ ಜಿಲ್ಲೆಯವರಿಗೆ ಇದು ಸುಲಭದ ಮಾತಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿ ಮಿಕ್ಸ್ಚರ್ ಬಿಟ್ಟರೇ ಅರ್ಧ ಕೆಲಸ ಆಯ್ತು. ಉಪ್ಪು ಬಿಟ್ಟರೆ ಎಲ್ಲರಿಗೂ ದಾಳಿ ನಿಲ್ಲುತ್ತೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇಲ್ಲ, ಆದರೆ ನಷ್ಟವಂತೂ ಇಲ್ಲ.

ಬೀಟಾಹಿಸ್ಟಿನ್ ಮಾತ್ರೆಯ ಕಥೆಯೂ ಹಾಗೇ. ನಮ್ಮಲ್ಲಿ ಹೆಚ್ಚಾಗಿ ಬರೆಯೋದು ಅದನ್ನೇ. 2016ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಅದನ್ನು ತಗೊಂಡವರಿಗೂ ಔಷಧಿಯೇ ಇಲ್ಲದ ಮಾತ್ರೆ ತಗೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಂತ ವೈದ್ಯರನ್ನು ಕೇಳದೆ ನೀವೇ ನಿಲ್ಲಿಸಬೇಡಿ. ವಾಂತಿ, ಸುತ್ತು ತಡೆಯೋ ಸ್ಟೆಮೆಟಿಲ್ ಥರದ ಮಾತ್ರೆ ಮಾತ್ರ ದಾಳಿಯ ದಿನಕ್ಕಷ್ಟೇ. ತಿಂಗಳುಗಟ್ಟಲೆ ತಗೊಂಡ್ರೆ ಮೆದುಳು ಹೊಸ ಸಮತೋಲನ ಕಲಿಯೋದು ನಿಧಾನ ಆಗುತ್ತೆ.

ದಾಳಿ ಬಂದಾಗ ಇದ್ದಲ್ಲೇ ಕೂತು ಅಥವಾ ಮಲಗಿ, ಅಲುಗಾಡದ ಒಂದು ವಸ್ತುವನ್ನೇ ನೋಡಬೇಕು. ವಾಂತಿ ಬರೋ ಹಾಗಿದ್ದರೆ ಮಗ್ಗುಲಾಗಿ ಮಲಗಿಸಿ. ತೆಂಗಿನ ಮರ ಹತ್ತೋದು, ಆಲೆಮನೆಯಲ್ಲಿ ಕುದಿಯೋ ಕೊಪ್ಪರಿಗೆ ಹತ್ತಿರದ ಕೆಲಸ, ಒಬ್ಬರೇ ವಿ.ಸಿ. ನಾಲೆ ಏರಿ ಮೇಲೆ ಓಡಾಡೋದು ಬೇಡ. ನಾಲೆಯಲ್ಲಿ, ಕಾವೇರಿಯಲ್ಲಿ ಈಜೋದಂತೂ ಬೇಡವೇ ಬೇಡ. ಒಳಗಿವಿ ಕೈಕೊಟ್ಟರೆ ನೀರಿನೊಳಗೆ ಮೇಲೆ ಯಾವುದು ಕೆಳಗೆ ಯಾವುದು ಅಂತಾನೇ ತಿಳಿಯಲ್ಲ.

ಕಿವಿಯ ಸದ್ದು ಒಬ್ಬರಿಗೆ ಜೀರುಂಡೆ ಥರ, ಇನ್ನೊಬ್ಬರಿಗೆ ಕುಕ್ಕರ್ ವಿಷಲ್ ಥರ. ರಾತ್ರಿ ಊರೆಲ್ಲಾ ಮಲಗಿದಾಗ ಜೋರಾಗುತ್ತೆ. ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ ಅಂತಾರೆ ತಜ್ಞರು. ಫ್ಯಾನ್ ಸದ್ದಾದರೂ ಸರಿ, ಸಣ್ಣಗೆ ಇಟ್ಟ ರೇಡಿಯೋ ಆದರೂ ಸರಿ. ದೊಡ್ಡಮ್ಮನಿಗೆ ಮೈಸೂರು ಆಕಾಶವಾಣಿ 100.6 ಸಾಕು. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಬೇಡಿ, ತಮಟೆ ದಾಟಿ ಅದು ಒಳಗಿವಿ ತಲುಪೋದೇ ಇಲ್ಲ. ಮೆರವಣಿಗೆಯ ಡಿಜೆ, ಕಲ್ಲು ಕ್ರಷರ್ ಸದ್ದಿನಿಂದ ದೂರ ಇರಿ.

ತಡ ಮಾಡಬಾರದ ಲಕ್ಷಣ

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲೋಕೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೂ ಕಾಯಬೇಡಿ. ಸ್ಟೆರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಆದರೆ ಕಿವಿ ಉಳಿಯುವ ಸಾಧ್ಯತೆ ಹೆಚ್ಚು.

ಎಲ್ಲಿಗೆ ಹೋಗೋದು?

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್, ರಕ್ತಹೀನತೆ ನೋಡಿಸಿಕೊಳ್ಳಿ. ಇಎನ್‌ಟಿ ವಿಭಾಗ ಮಂಡ್ಯದ ಮಿಮ್ಸ್‌ನಲ್ಲಿದೆ, ನಾಗಮಂಗಲದವರಿಗೆ ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಶ್ರವಣ ಮತ್ತು ಸಮತೋಲನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಇಷ್ಟು ಹತ್ತಿರ ಇದ್ದರೂ ನಮ್ಮವರು ಅದು ಮಾತು ಬಾರದ ಮಕ್ಕಳಿಗೆ ಮಾತ್ರ ಅಂದ್ಕೊಂಡಿದ್ದಾರೆ. ಹೋಗುವಾಗ ಹಳೇ ಚೀಟಿಗಳ ಜೊತೆ, ಯಾವ ದಿನ ಎಷ್ಟು ಹೊತ್ತು ಸುತ್ತಿತು, ಯಾವ ಕಿವಿಯಲ್ಲಿ ಸದ್ದು ಬಂತು ಅಂತ ಬರೆದಿಟ್ಟ ಪುಸ್ತಕ ತಗೊಂಡು ಹೋಗಿ.

ದಾಖಲೆ ವಿಚಾರ

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ತಲೆಸುತ್ತು ಇಲ್ಲ. ಶ್ರವಣ ದೋಷ ಇದೆ, ಆದರೆ ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟ ಆಗಿರಬೇಕು. ಒಂದೇ ಕಿವಿ ಹೋದವರಿಗೆ ಕಾರ್ಡ್ ಸಿಗೋದು ಕಷ್ಟ. ಇತ್ತ ಡ್ರೈವಿಂಗ್ ಲೈಸೆನ್ಸ್‌ಗೆ ಕೊಡುವ ಫಾರಂ 1ರಲ್ಲಿ ಮಾತ್ರ ಮೂರ್ಛೆ ರೋಗದ ಜೊತೆಗೇ ಇದ್ದಕ್ಕಿದ್ದಂತೆ ತಲೆಸುತ್ತು ಬರುತ್ತದೆಯೇ ಅಂತ ನೇರವಾಗಿ ಕೇಳಿದ್ದಾರೆ. ಬಹಳ ಜನ ಓದದೆ ‘ಇಲ್ಲ’ ಅಂತ ಟಿಕ್ ಹಾಕಿ ಸಹಿ ಮಾಡ್ತಾರೆ. ಬೈಕು, ಟ್ರ್ಯಾಕ್ಟರ್ ಓಡಿಸೋರು ಇದನ್ನು ಇಎನ್‌ಟಿ ವೈದ್ಯರ ಹತ್ತಿರ ಮಾತಾಡಿಕೊಂಡೇ ಬರೆಯಬೇಕು.