ಕೊಳವೆಯೊಳಗೆ ಕಳೆದುಹೋದ ಕೇಬಲ್

ಇವತ್ತಿನ ಕತೆ ಒಂದು ತಂತಿಯದ್ದು. ಸೈಕಲ್ ಹ್ಯಾಂಡಲ್ ಹತ್ರ ಫ್ರೇಮಿನ ಒಂದು ತೂತಿನೊಳಗೆ ನುಗ್ಗಿ, ಹಿಂದಿನ ಚಕ್ರದ ಹತ್ರ ಇನ್ನೊಂದು ತೂತಲ್ಲಿ ಹೊರಗೆ ಬರೋ ಗೇರ್ ಕೇಬಲ್.

ಹೋದ ತಿಂಗಳು ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಕೇಬಲ್ ತುಕ್ಕು ಹಿಡಿದಿತ್ತು. ಯೂಟ್ಯೂಬ್ ನೋಡಿದ ಧೈರ್ಯದಲ್ಲಿ ನಾನೇ ಎಳೆದು ತೆಗೆದೆ. ತೆಗೆಯೋದು ಸುಲಭ ಮಾರಾಯ್ರೆ, ಎರಡು ಸೆಕೆಂಡು. ಹೊಸದನ್ನ ತೂರಿಸಿದ್ರೆ ಅದು ಒಳಗೆಲ್ಲೋ ಹೋಗಿ ಮುದುಡಿಕೊಂಡು ಕೂತ್ಕೋತು. ಎರಡು ಗಂಟೆ ಆದಮೇಲೆ ಸೈಕಲ್ ತಳ್ಕೊಂಡು ಶಿವಮೊಗ್ಗದ ಒಂದು ಹಳೇ ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ತೂತಿಗೆ ಕಣ್ಣಿಟ್ಟು ನೋಡಿ ಮೊದಲು ನಕ್ಕರು. ಆಮೇಲೆ ಭದ್ರಾವತಿ ಕಾರ್ಖಾನೆ ಸೈಕಲ್‌ಗಳ ಮಾತು ತೆಗೆದರು.

ಅದಕ್ಕೆ ಸ್ವಲ್ಪ ಹಿಂದೆ ಹೋಗೋಣ. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿದ್ದು 1923ರಲ್ಲಿ. ಕಲ್ಲಿದ್ದಲು ಹತ್ತಿರ ಇರಲಿಲ್ಲ, ಹಾಗಾಗಿ ಮಲೆನಾಡಿನ ಕಾಡಿನ ಮರ ಸುಟ್ಟ ಇದ್ದಿಲಲ್ಲೇ ಕಬ್ಬಿಣ ಕರಗಿಸಿದ್ದು. ಅದಿರು ಬರ್ತಿದ್ದದ್ದು ಕೆಮ್ಮಣ್ಣುಗುಂಡಿ ಬೆಟ್ಟದಿಂದ, ಸ್ವಲ್ಪ ದೂರ ಉಕ್ಕಿನ ಹಗ್ಗದಲ್ಲಿ ತೇಲಿಕೊಂಡು, ರೋಪ್‌ವೇನಲ್ಲಿ. ನೋಡಿ, ಕೇಬಲ್ ಕತೆ ಅಲ್ಲಿಂದಲೇ ಶುರು! 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದಲ್ಲಿ ಉಕ್ಕಿನ ವಿಭಾಗ ಬಂತು, ಪಕ್ಕದಲ್ಲೇ ಕಾಗದದ ಕಾರ್ಖಾನೆಯೂ ಬಂತು. ಊರು ಪಾಳಿ ಲೆಕ್ಕದಲ್ಲಿ ಎದ್ದು ಮಲಗೋಕೆ ಶುರುಮಾಡ್ತು. ಪಾಳಿ ಅಂದ್ರೆ ಸೈಕಲ್. ಹ್ಯಾಂಡಲ್‌ಗೆ ಬುತ್ತಿ ಚೀಲ, ಕಾಲಲ್ಲಿ ದಪ್ಪ ಬೂಟು. ನಮ್ಮ ಕಡೆ ಅಜ್ಜಂದಿರನ್ನ ಕೇಳಿ, ಪಾಳಿ ಬಿಟ್ಟ ಹೊತ್ತಲ್ಲಿ ಗೇಟಿನ ಮುಂದೆ ರಸ್ತೆ ದಾಟೋದು ಎಷ್ಟು ಕಷ್ಟ ಅಂತ ಹೇಳ್ತಾರೆ.

ಆ ಸೈಕಲ್‌ಗಳಲ್ಲಿ ಬ್ರೇಕಿಗೆ ಕೇಬಲ್ಲೇ ಇರಲಿಲ್ಲ. 28 ಇಂಚು ಚಕ್ರದ ಕಪ್ಪು ಸೈಕಲ್ ನೆನಪಿದೆಯಲ್ಲ? ಹ್ಯಾಂಡಲ್ ಕೆಳಗೆ ಹೊಳೆಯೋ ಸರಳುಗಳು. ಹಿಡಿ ಅಮುಕಿದರೆ ಸರಳು ಮೇಲಕ್ಕೆ ಎಳೆಯುತ್ತೆ, ಕುದುರೆ ಲಾಳದ ಆಕಾರದ ಕಬ್ಬಿಣದ ತುದಿಯಲ್ಲಿರೋ ಎರಡು ರಬ್ಬರ್ ತುಂಡು ರಿಮ್ಮಿನ ಒಳಮೈಗೆ ಒತ್ತುತ್ತೆ. ಹಿಂದಿನ ಬ್ರೇಕಿನ ಸರಳು ಫ್ರೇಮಿನ ಪಕ್ಕದಲ್ಲೇ ಇಳಿದು ಪೆಡಲ್ ಹತ್ರ ತಿರುಗಿ ಹೋಗುತ್ತೆ. ಮಳೆಯಲ್ಲಿ ಆ ಬ್ರೇಕ್ ಹಿಡೀತಿತ್ತಾ? ದೇವರೇ ಗತಿ. ಆದ್ರೆ ಎಲ್ಲಿ ಸಡಿಲ, ಎಲ್ಲಿ ಸವೆದಿದೆ ಅನ್ನೋದು ಎರಡು ಮಾರು ದೂರದಿಂದಲೇ ಕಾಣ್ತಿತ್ತು. ಒಂದು ಸ್ಪ್ಯಾನರ್ ಸಾಕು. ಆ ಸೈಕಲ್ ಮೇಲಿದ್ದ ಒಂದೇ ತಂತಿ ಡೈನಮೋದಿಂದ ದೀಪಕ್ಕೆ ಹೋಗೋದು. ರಾತ್ರಿ ಪಾಳಿಯವರು ಅದನ್ನ ಫ್ರೇಮಿಗೆ ಸುತ್ತಿ ಸುತ್ತಿ ಕಟ್ಕೋತಿದ್ರು.

ಕೇಬಲ್ ಗೊತ್ತಿರಲಿಲ್ಲ ಅಂತಲ್ಲ. ಬ್ರಿಟನ್ನಿನಲ್ಲಿ ಅರ್ನೆಸ್ಟ್ ಮೋನಿಂಗ್ಟನ್ ಬೌಡನ್ 1896ರಲ್ಲೇ ಪೇಟೆಂಟ್ ತಗೊಂಡಿದ್ದ. ಒಳಗೆ ಹೆಣೆದ ತಂತಿ, ಹೊರಗೆ ಸುರುಳಿ ಕವಚ. ಕವಚ ಒತ್ತಡ ತಡ್ಕೊಂಡು ನಿಂತರೆ ತಂತಿ ಮಾತ್ರ ಒಳಗೆ ಜಾರುತ್ತೆ. ಬಳುಕಿಸಿದ ದಾರಿಯಲ್ಲೂ ಎಳೆತ ತುದಿಗೆ ಮುಟ್ಟುತ್ತೆ. ಇವತ್ತಿಗೂ ಬೈಕಿನ ಕ್ಲಚ್ಚಿಗೆ ಇದೇ ತತ್ವ. ಸ್ವಾತಂತ್ರ್ಯದ ನಂತರ 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನೆಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನಾದ ಹೀರೋ ಬಂದ ಮೇಲೂ ನಮ್ಮಲ್ಲಿ ಸರಳಿನ ಬ್ರೇಕೇ ಗಟ್ಟಿಯಾಗಿ ನಿಂತಿತು. ನನ್ನ ಅಂದಾಜಲ್ಲಿ ಕಾರಣ ಸರಳ: ಭತ್ತದ ಮೂಟೆ ಹೊರೋನಿಗೆ ಬೇಕಾದ್ದು ಊರ ಮೂಲೆಯಲ್ಲೂ ರಿಪೇರಿ ಆಗೋ ಗಾಡಿ.

ಗೇರ್ ಸೈಕಲ್‌ಗಳ ಜೊತೆ ಕೇಬಲ್ ಬಂತು. ಮೊದಲು ಫ್ರೇಮಿನ ಹೊರಗೇ ಓಡಾಡ್ತಿತ್ತು. ಆಮೇಲೆ ಗಾಳಿ ಕಡಿಮೆ ತಡೀಲಿ, ಮಣ್ಣು ಕೂರದಿರಲಿ, ನೋಡೋಕೆ ನೀಟಾಗಿರಲಿ ಅಂತ ಒಳಗೆ ಸೇರಿಸಿದ್ರು. ರೇಸಿಂಗ್‌ನವರಿಗೆ ಗಾಳಿ ಲೆಕ್ಕ ನಿಜ. ದಿನಾ ಬಿ.ಎಚ್. ರಸ್ತೆಯಲ್ಲಿ ಹಂಪ್ ಎಣಿಸೋ ನಮಗೆ ಎಷ್ಟು ಲಾಭವೋ, ನೀವೇ ಹೇಳಿ. ಈಗಿನ ದುಬಾರಿ ಸೈಕಲ್‌ಗಳಲ್ಲಂತೂ ಎಲ್ಲವೂ ಹ್ಯಾಂಡಲ್ ಬುಡದ ಬೇರಿಂಗ್ ಮಧ್ಯದಿಂದಲೇ ಹೋಗುತ್ತೆ. ಬೇರಿಂಗ್ ಬದಲಿಸೋಕೆ ಬ್ರೇಕಿನ ಎಣ್ಣೆ ಪೈಪನ್ನೇ ಬಿಚ್ಚಬೇಕಾಗಿ ಬರುತ್ತೆ. ನಾನು ಓದಿದ್ದು ಬಿಕಾಂ. ಐದು ನಿಮಿಷದ ಕೆಲಸ ಎರಡು ಗಂಟೆ ಆದ್ರೆ ಆ ಖರ್ಚು ಯಾರ ಖಾತೆಗೆ ಅನ್ನೋದೇ ನನ್ನ ತಲೆಯಲ್ಲಿ ಓಡೋದು. ದೊಡ್ಡ ಶೋರೂಮು ಗಂಟೆ ಲೆಕ್ಕ ಹಾಕುತ್ತೆ. ರಸ್ತೆ ಬದಿಯವರು ಹಾಕಿದ್ರೆ ಗಿರಾಕಿ ಜಗಳಕ್ಕೇ ಬರ್ತಾನೆ.

ಸರಿ, ತೂರಿಸೋದು ಹೇಗೆ? ಬುದ್ಧಿವಂತರು ಹಳೇ ತಂತಿ ತೆಗೆಯೋ ಮೊದಲೇ ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ನಳಿಗೆ ಜಾರಿಸಿ ದಾರಿ ಉಳಿಸ್ಕೋತಾರೆ. ನನ್ನಂಥವರಿಗೆ ಅಯಸ್ಕಾಂತದ ಕಿಟ್ ಇದೆ. ಹೊರಗಿಂದ ಅಯಸ್ಕಾಂತ ಹಿಡಿದು ಒಳಗಿನ ಉಕ್ಕಿನ ತುದಿಯನ್ನ ತೂತಿನವರೆಗೆ ಕರ್ಕೊಂಡು ಬರೋದು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಲ್ಲಿ ಚೆನ್ನಾಗಿ ಆಗುತ್ತೆ. ಉಕ್ಕಿನ ಫ್ರೇಮಾದ್ರೆ ಅಯಸ್ಕಾಂತ ಕೊಳವೆಗೇ ಕಚ್ಕೊಂಡು ಕೂರುತ್ತೆ. ಭದ್ರಾವತಿ ಪಕ್ಕದ ಊರಲ್ಲಿ ಇದನ್ನ ವಿವರಿಸಬೇಕಾಗಿಲ್ಲ.

ಆ ಹಿರಿಯರ ಹತ್ರ ಕಿಟ್ ಇರಲಿಲ್ಲ, ಟೈರಿಗೆ ಗಾಳಿ ಹಾಕೋ ಕಂಪ್ರೆಸರ್ ಇತ್ತು. ಹೊಲಿಗೆ ದಾರದ ತುದಿಗೆ ಚಿಕ್ಕ ಹತ್ತಿ ಉಂಡೆ ಕಟ್ಟಿದ್ರು. ಮೇಲಿನ ತೂತಿಗೆ ತುರುಕಿ, ಹಿಂದಿನ ತೂತೊಂದನ್ನ ಬಿಟ್ಟು ಉಳಿದ ಸಂದಿಗೆಲ್ಲ ಬಟ್ಟೆ ಮುಚ್ಚಿ ಗಾಳಿ ಬಿಟ್ಟರು. ಮೂರನೇ ಸಲಕ್ಕೆ ಹತ್ತಿ ಹಿಂದೆ ಪುಸ್ಸಂತ ಹೊರಗೆ ಬಂತು. ದಾರಕ್ಕೆ ಕೇಬಲ್ ಅಂಟಿಸಿ ಮೆಲ್ಲಗೆ ಎಳೆದ್ರು. ಅಷ್ಟೇ.

ಹಾಗೆ ಎಳೀತಾ ಎಳೀತಾನೇ ಹೇಳಿದ್ದು, ಮೊದಲೆಲ್ಲ ಪಾಳಿ ಬಿಟ್ಟ ಹೊತ್ತಿಗೆ ಅಂಗಡಿ ಮುಂದೆ ಸಾಲು ಇರ್ತಿತ್ತಂತೆ. ಕಾಗದದ ಕಾರ್ಖಾನೆ 2015ರಲ್ಲಿ ನಿಂತುಹೋಯ್ತು. ಉಕ್ಕಿನ ಕಾರ್ಖಾನೆ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂತು, ಕಾರ್ಮಿಕರು ಬೀದಿಗಿಳಿದರು, ಅದೇ ಆಗಸ್ಟಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಈಗ ಇವರ ಹತ್ರ ಬರೋದು ಮಕ್ಕಳ ಸೈಕಲ್ಲು, ಮತ್ತೆ ನಮ್ಮಂಥವರ ಒಳಗೆ ತಂತಿ ಸಿಕ್ಕಿಸಿಕೊಂಡ ಸೈಕಲ್ಲು.

ಕೇಬಲ್ಲಿನ ದುಡ್ಡು ಮಾತ್ರ ಕೇಳಿದ್ರು. ಕೈಕೆಲಸಕ್ಕೆ ನಾನೇ ಒತ್ತಾಯ ಮಾಡಿ ಕೊಟ್ಟೆ, ಅರ್ಧ ವಾಪಸ್ ಮಾಡಿದ್ರು. ಆ ಭಾನುವಾರ ಭದ್ರಾವತಿವರೆಗೆ ಹೋಗಿ ಬಂದೆ. ಗೇರು ನಾಲ್ಕರಿಂದ ಐದಕ್ಕೆ ಇನ್ನೂ ಸ್ವಲ್ಪ ತಡವರಿಸ್ತಿದೆ. ಈ ವಾರ ಮತ್ತೆ ಅವರ ಹತ್ರ ಹೋಗ್ಬೇಕು.